ಬಣ್ಣಕ್ಕೆ ಮೊದಲು ಗೆರೆ ನೋಡು

1957ರ ಷೆವರ್ಲೆ ಟೂ-ಟೆನ್ ಟೌನ್ಸ್‌ಮನ್ ಕೊಂಡೆ ಅಂತ ಫೋಟೋ ಕಳಿಸಿದ್ದೀಯ. ನಾಲ್ಕು ಬಾಗಿಲಿನ ಸ್ಟೇಷನ್ ವ್ಯಾಗನ್. ಅದೂ ರಸ್ತೆಗೆ ಉಪ್ಪು ಸುರಿಯೋ ಈ ಮಿಷಿಗನ್ನಿನಲ್ಲಿ ತಳ ಉದುರದೆ ಉಳಿದದ್ದು! ಶಾಭಾಷ್ ಕಣೋ. ಆದರೆ ಕೆಳಗೇ ಬರೆದಿದ್ದೀಯಲ್ಲ, ‘ಶನಿವಾರ ಬಣ್ಣ ತರ್ತೀನಿ, ಕಪ್ಪು ಚಾವಣಿ, ಕೆಂಪು ಮೈ’ ಅಂತ, ಅದನ್ನು ಓದಿ ನಗು ತಡೆಯಲಾಗಲಿಲ್ಲ. ಒಂದು ಬೋಲ್ಟು ಬಿಚ್ಚಿಲ್ಲ, ಆಗಲೇ ಡಬ್ಬಿಗೆ ಕೈ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಿನ್ನಜ್ಜಿ ಹೇಳ್ತಿದ್ದದ್ದು ನಿನ್ನಂಥೋರನ್ನ ನೋಡಿಯೇ. ಪೇಂಟ್ ಶಾಪಿನಲ್ಲಿ ಕೂದಲು ನರೆಸಿಕೊಂಡವನು ನಾನು. ಸ್ವಲ್ಪ ಕೂತು ಕೇಳು.

ಮೊದಲು ಬಾನೆಟ್ ಎತ್ತು. ಎಂಜಿನ್ನಿಗೂ ಒಳಗಿನ ಸೀಟಿಗೂ ನಡುವೆ ನಿಂತ ತಗಡಿನ ಗೋಡೆಯ ಮೇಲೆ ಪುಟ್ಟ ಫಲಕ ಒಂದಿರುತ್ತೆ. ಅದರಲ್ಲಿ ಪೇಂಟಿಗೆ ಅಂತ ಮೂರಂಕಿಯ ಸಂಖ್ಯೆ ಇದೆ. ಗಾಡಿ ಹುಟ್ಟಿದಾಗ ಒಂಟಿ ಬಣ್ಣವೋ ಜೋಡಿ ಬಣ್ಣವೋ, ಯಾವುದರ ಜೊತೆ ಯಾವುದು, ಎಲ್ಲ ಅದರಲ್ಲೇ ಅಡಗಿದೆ. ಅದೇ ಬಣ್ಣ ಹೊಡೆಯಲೇಬೇಕು ಅಂತ ನಾನೇನೂ ಹಟ ಹಿಡಿಯೋದಿಲ್ಲ. ಗಾಡಿ ನಿನ್ನದು. ಆದರೆ ಬದಲಾಯಿಸೋಕೆ ಮುಂಚೆ ಏನನ್ನು ಬದಲಾಯಿಸ್ತಿದ್ದೀನಿ ಅನ್ನೋದು ಗೊತ್ತಿರಲಿ.

ಇನ್ನು ನಿನ್ನ ಕಪ್ಪು ಚಾವಣಿ. ಎರಡು ಬಾಗಿಲಿನ ಕೂಪೆ ಗಾಡಿಗಾದರೆ ನಾನೂ ಹೂಂ ಅಂತಿದ್ದೆ. ವ್ಯಾಗನ್ನಿನ ಚಾವಣಿ ಡ್ರೈವರ್ ತಲೆಯಿಂದ ಹಿಂದಿನ ಬಾಗಿಲ ತನಕ ಚಾಚಿಕೊಂಡ ತಗಡು. ಅರವತ್ತು ಎಪ್ಪತ್ತು ವರ್ಷದಲ್ಲಿ ಅದರ ಮೇಲೆ ಏಣಿ ಹೊತ್ತಿದ್ದಾರೆ, ಹಾಸಿಗೆ ಕಟ್ಟಿದ್ದಾರೆ, ಮಕ್ಕಳು ಹತ್ತಿ ಕುಣಿದಿದ್ದಾರೆ. ಹೊಳೆಯೋ ಕಪ್ಪು ಆ ತಗ್ಗುದಿಣ್ಣೆಯನ್ನೆಲ್ಲ ಊರಿಗೇ ತೋರಿಸುತ್ತೆ. ಮೇಲಿಂದ ಬಿಸಿಲನ್ನೂ ಕುಡಿಯುತ್ತೆ. ತಿಳಿ ಬಣ್ಣ ಎರಡನ್ನೂ ಮರೆಸುತ್ತೆ. ಆ ವರ್ಷದ ಜೋಡಿಗಳಲ್ಲಿ ನನ್ನ ಓಟು ಟ್ರಾಪಿಕಲ್ ಟರ್ಕಾಯ್ಸ್ ಮೈಗೆ, ಇಂಡಿಯಾ ಐವರಿ ಚಾವಣಿಗೆ. ಅದು ದಂತದ ಬಿಳುಪು, ಸುಣ್ಣದ ಬಿಳುಪಲ್ಲ, ಅಂಗಡಿಯವನು ‘ಎಲ್ಲ ಬಿಳಿಯೂ ಒಂದೇ ಸಾರ್’ ಅಂದರೆ ಅಲ್ಲಿಂದ ಎದ್ದು ಬಾ. ಕೆಂಪೇ ಬೇಕು ಅಂದರೆ ಅದಕ್ಕೂ ಇದೇ ದಂತದ ಬಿಳುಪು ಹೊಂದುತ್ತೆ. ನಿನ್ನಮ್ಮ ಸೀರೆ ಆರಿಸೋವಾಗ ಒಡಲು ಮಾತಾಡಿದರೆ ಅಂಚು ಸುಮ್ಮನಿರಲಿ ಅಂತಾಳಲ್ಲ, ಅಷ್ಟೇ ಲೆಕ್ಕ.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬೆರಳಗಲದ ಚೀಟಿ ನೋಡಿ ತೀರ್ಮಾನ ಮಾಡಬೇಡ. ದೊಡ್ಡ ತಗಡೊಂದಕ್ಕೆ ಎರಡೂ ಬಣ್ಣ ಹೊಡೆದು ಅಂಗಳದಲ್ಲಿಡು. ಬೆಳಿಗ್ಗೆ ನೋಡು, ಮೋಡ ಕವಿದಾಗ ನೋಡು, ಸಂಜೆ ನೋಡು. ಹೆಂಡತಿಯನ್ನೂ ಕೇಳು, ಅವಳ ಕಣ್ಣು ನಿನ್ನ ಕಣ್ಣಿಗಿಂತ ಚುರುಕು.

ಈಗ ಗೆರೆಯ ವಿಷಯ. ಎರಡು ಬಣ್ಣ ಎಲ್ಲಿ ಕೂಡಬೇಕು ಅನ್ನೋದು ನಿನ್ನ ಮರ್ಜಿಯಲ್ಲ, ಗಾಡಿಯೇ ಹೇಳುತ್ತೆ. ಹಿಂದಿನ ಫೆಂಡರ್ ಮೇಲೆ ಹೊಳೆಯೋ ಎರಡು ಪಟ್ಟಿಗಳ ನಡುವೆ ಒಂದು ಉದ್ದನೆಯ ಜಾಗ ಇದೆ ನೋಡು. ಷೆವರ್ಲೆಯದೇ ದುಬಾರಿ ಮಾದರಿ ಬೆಲ್ ಏರ್‌ನಲ್ಲಿ ಅಲ್ಲಿ ಗೀರುಗೀರಿನ ಅಲ್ಯೂಮಿನಿಯಂ ತಗಡು ಕೂರಿಸ್ತಿದ್ದರು. ನಿನ್ನ ಟೂ-ಟೆನ್‌ನಲ್ಲಿ ತಗಡಿಲ್ಲ. ಜೋಡಿ ಬಣ್ಣ ಅಂದರೆ ಆ ಜಾಗಕ್ಕೂ ಚಾವಣಿಯ ಬಣ್ಣವೇ. ಮೇಲೆ ಕಿಟಕಿಗಳ ಬುಡದಲ್ಲಿ ಒಂದು ಗೆರೆ, ಹಿಂದೆ ಈ ಪಟ್ಟಿಯೊಳಗೆ ಇನ್ನೊಂದು ತುಣುಕು. ಅದಕ್ಕೇ ನಿನ್ನ ಗಾಡಿ ಬೆಲ್ ಏರ್‌ಗಿಂತ ಚೆಂದ ಅಂತ ನಾನು ವಾದ ಮಾಡೋದು. ಹಿಂಬದಿಯಲ್ಲಿ ಮೇಲಕ್ಕೆ ಏಳೋ ಗಾಜಿನ ಚೌಕಟ್ಟು ಚಾವಣಿಯ ಜೊತೆ ಹೋಗಲಿ, ಕೆಳಕ್ಕೆ ಬೀಳೋ ಬಾಗಿಲು ಮೈಯ ಜೊತೆ. ಬಾಗಿಲು ತೆರೆದಾಗ ಕಾಣೋ ಅಂಚುಗಳಿಗೆ ಯಾವ ಬಣ್ಣ ಅಂತಲೂ ಈಗಲೇ ಬರೆದಿಟ್ಟುಕೋ. ಆಮೇಲೆ ತಲೆ ಕೆರೆದುಕೊಳ್ಳೋರೇ ಜಾಸ್ತಿ.

ಪಟ್ಟಿಗಳನ್ನು ಬಿಚ್ಚಿಯೇ ಬಣ್ಣ ಹೊಡೀಬೇಕು. ಟೇಪ್ ಸುತ್ತಿ ಹೊಡೆದುಬಿಡ್ತೀನಿ ಅಂದೆಯೋ, ಕಿವಿ ಹಿಂಡ್ತೀನಿ. ನೀರು, ಉಪ್ಪು ನಿಂತು ತುಕ್ಕು ಹಿಡಿದಿರೋದು ಆ ಪಟ್ಟಿಯ ಬೆನ್ನಲ್ಲೇ, ಕ್ಲಿಪ್ಪಿನ ತೂತಿನ ಸುತ್ತಲೇ. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಪುಟ್ಟಿ ಮೆತ್ತಿ ಮುಚ್ಚಿದರೆ ಎರಡು ಚಳಿಗಾಲದಲ್ಲಿ ಗುಳ್ಳೆ ಏಳುತ್ತೆ. ಪ್ರೈಮರ್ ಒಣಗಿದ ಮೇಲೆ ತೆಳ್ಳಗೆ ಕಪ್ಪು ಧೂಳು ಹಾಯಿಸಿ ಉದ್ದನೆಯ ಹಲಗೆಗೆ ವಾಟರ್ ಪೇಪರ್ ಸುತ್ತಿ ಉಜ್ಜು. ಕಪ್ಪು ಉಳಿದ ಕಡೆ ತಗ್ಗು, ಬೇಗ ಹೋದ ಕಡೆ ದಿಣ್ಣೆ. ತೋಳು ನೋಯುತ್ತೆ, ಬೇಜಾರಾಗುತ್ತೆ, ಹೆಚ್ಚಿನವರು ಕೈಬಿಡೋದು ಇಲ್ಲೇ. 600ರ ಪೇಪರ್ ಮುಗಿಯೋ ತನಕ ಡಬ್ಬಿಯ ಮುಚ್ಚಳ ತೆಗೀಬೇಡ.

ಆ ಕಾಲದಲ್ಲಿ ಷೆವರ್ಲೆಗೆ ಹೊಡೀತಿದ್ದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಬೇಗ ಒಣಗೋದು, ಉಜ್ಜಿದಷ್ಟೂ ಹೊಳಪು, ಆದರೆ ಬಿಸಿಲಿಗೆ ಮಂಕು, ವಯಸ್ಸಾದಂತೆ ಬಿರುಕು. ಸಂಗ್ರಹಾಲಯಕ್ಕೆ ಇಡೋ ಗಾಡಿಯಲ್ಲ ನಿನ್ನದು. ಬೇಸ್ ಕೋಟ್ ಮೇಲೆ ಕ್ಲಿಯರ್ ಕೋಟ್ ಹಾಕು. ಜೋಡಿ ಬಣ್ಣಕ್ಕೆ ಅದರಲ್ಲಿ ಒಂದು ಲಾಭವೂ ಇದೆ: ಎರಡೂ ಬಣ್ಣ ಹೊಡೆದಾದ ಮೇಲೆ ಕ್ಲಿಯರ್ ಒಟ್ಟಿಗೇ ಮೇಲೆ ಬರೋದರಿಂದ ಟೇಪಿನ ಅಂಚು ಕೈಗೆ ತಟ್ಟೋದಿಲ್ಲ.

ದಂತದ ಬಿಳುಪು ಮೊದಲು, ಟರ್ಕಾಯ್ಸ್ ಆಮೇಲೆ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಸುಲಭವಾಗಿ ಕೂರುತ್ತೆ, ತಿರುಗುಮುರುಗಾದರೆ ಕೋಟಿನ ಮೇಲೆ ಕೋಟು ಹಾಯಿಸಬೇಕು. ಗೆರೆಗೆ ಮಾಮೂಲಿ ಮಾಸ್ಕಿಂಗ್ ಟೇಪ್ ಸಾಲದು, ಆರು ಮಿಲಿಮೀಟರಿನ ಫೈನ್‌ಲೈನ್ ಟೇಪ್ ತಗೋ. ಅಂಟಿಸೋವಾಗ ಎಳೆದು ಬಿಗಿಮಾಡಬೇಡ, ಆಮೇಲೆ ಕುಗ್ಗಿ ಬಾಗಿನಲ್ಲಿ ಏಳುತ್ತೆ. ದೂರ ನಿಂತು ಒಂದೇ ಕಣ್ಣಲ್ಲಿ ಗೆರೆ ನೋಡು. ಸೊಟ್ಟ ಇದ್ದರೆ ಕಿತ್ತು ಮತ್ತೆ ಹಚ್ಚು. ಚಾವಣಿ ಮುಚ್ಚೋಕೆ ಹಳೇ ಪೇಪರ್ ಬೇಡ, ಥಿನ್ನರ್ ತಾಗಿ ಅಕ್ಷರದ ಮಸಿ ಬಣ್ಣಕ್ಕೆ ಇಳಿಯುತ್ತೆ. ಟೇಪಿನ ಅಂಚಿಗೆ ಮೊದಲ ಕೋಟು ತೆಳ್ಳಗೆ ಇರಲಿ. ಬೇಸ್ ಮಂಕಾದ ಮೇಲೆ, ಪೂರ್ತಿ ಗಟ್ಟಿಯಾಗೋ ಮುಂಚೆ, ಟೇಪನ್ನು ಅದರ ಮೈಮೇಲೇ ಮಡಿಚಿ ನಿಧಾನಕ್ಕೆ ಎಳಿ. ಎಷ್ಟು ಹೊತ್ತಿಗೆ ಎಳೀಬೇಕು ಅನ್ನೋದು ಬಣ್ಣದ ಕಂಪನಿಯ ಹಾಳೆಯಲ್ಲಿ ಇರುತ್ತೆ. ಓದು. ನಿನ್ನ ಇಂಜಿನಿಯರಿಂಗ್ ಡಿಗ್ರಿ ಅದಕ್ಕಾದರೂ ಬರಲಿ.

ತಮಾಷೆ ಬಿಟ್ಟು ಒಂದು ಮಾತು. ಕ್ಲಿಯರ್ ಕೋಟಿನ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತೆ. ಅದು ಶ್ವಾಸಕೋಶಕ್ಕೆ ಹೊಕ್ಕರೆ ಜೀವನಪೂರ್ತಿ ಅಸ್ತಮಾ ಅಂಟಿಕೊಳ್ಳಬಹುದು. ಧೂಳಿನ ಮಾಸ್ಕ್ ಕಟ್ಟಿಕೊಂಡು ಶೂರನಾಗಬೇಡ, ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಕೊಡೋ ಮುಖವಾಡವೇ ಬೇಕು. ನಿನ್ನ ಗ್ಯಾರೇಜು ಮನೆಗೆ ಅಂಟಿಕೊಂಡಿದೆ, ಮೂಲೆಯಲ್ಲಿ ಗ್ಯಾಸಿನ ವಾಟರ್ ಹೀಟರ್ ಬೇರೆ. ಥಿನ್ನರಿನ ಆವಿಗೆ ಆ ಸಣ್ಣ ಜ್ವಾಲೆ ಸಾಕು. ಹಾಗಾಗಿ ಉಜ್ಜೋ ಕೆಲಸ ಮನೇಲಿ ಮಾಡು, ಹೊಡೆಯೋಕೆ ಬೂತ್ ಬಾಡಿಗೆಗೆ ತಗೋ. ಆ ದುಡ್ಡಲ್ಲಿ ಜಿಪುಣತನ ಬೇಡ.

ಆಗಸ್ಟಿನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಗಾಡಿ ತರ್ತೀನಿ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೀಯಂತೆ. ಹಳೇ ಕಾರುಗಳ ಆ ಜಾತ್ರೆ 1995ರಿಂದ ನಡೀತಿದೆ, ಮುಂದಿನ ವರ್ಷವೂ ಇರುತ್ತೆ. ಈ ಸಲ ನನ್ನ ಕಾರಲ್ಲಿ ಬಾ. ಶನಿವಾರ ಬಣ್ಣದಂಗಡಿಗೆ ಹೋಗಬೇಡ, ಪಟ್ಟಿ ಬಿಚ್ಚೋ ಸ್ಕ್ರೂಡ್ರೈವರ್ ಹಿಡಿದು ಕೂತಿರು. ನಾನೇ ಬರ್ತೀನಿ.