ಇಂದಿನ ಧಮ್ಮ ಚಿಂತನೆ: ಡಯಲ್ ಹೇಳಿದ್ದು, ಬಟ್ಟೆ ತೋರಿಸಿದ್ದು





ನಾನು ರಾಮನಗರದ ಗಾರ್ಮೆಂಟ್ಸ್‌ನಲ್ಲಿ 12 ವರ್ಷ ಹೊಲಿದವಳು. ಈಗ ಚನ್ನಪಟ್ಟಣದಲ್ಲಿ ಎರಡು ಮಿಷನ್ ಇಟ್ಟುಕೊಂಡು ಶಾಲಾ ಯೂನಿಫಾರ್ಮ್ ಹೊಲಿಯುತ್ತೇನೆ. ಎರಡೂ ಸೆಕೆಂಡ್ ಹ್ಯಾಂಡ್ ಜೂಕಿ ಡಿಡಿಎಲ್-5550. ಮಾಗಡಿ ಕಡೆಯ ಒಬ್ಬ ಹುಡುಗಿ ನನ್ನ ಜೊತೆ ಕೆಲಸಕ್ಕಿದ್ದಾಳೆ.

ಕಳೆದ ತಿಂಗಳು ಅವಳು ಹೊಲಿದ ಪ್ಯಾಂಟುಗಳು ವಾಪಸ್ ಬಂದವು. ಮಕ್ಕಳು ಕೂತು ಎದ್ದರೆ ಹಿಂಬದಿ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು. ನಾನು ಡಯಲ್ ನೋಡಿದೆ. 2.5ರಲ್ಲೇ ಇತ್ತು. "ಮಿಷನ್ ಸರಿಯಾಗೇ ಇದೆ, ನಿನ್ನ ಕೈಯೇ ಸರಿಯಿಲ್ಲ. ಬಟ್ಟೆ ಎಳೀತೀಯ" ಎಂದು ಬೈದೆ. ಅವಳ ಕೂಲಿಯಲ್ಲಿ 300 ರೂಪಾಯಿ ಹಿಡಿದೆ. ಅವಳು ಮೆಲ್ಲಗೆ, "ಅಕ್ಕಾ, ಒಂದ್ಸಲ ನೀವೇ ಹೊಲಿದು ನೋಡಿ" ಎಂದಳು. ಸಿಟ್ಟಿನಲ್ಲೇ ಮಿಷನ್ ಮುಂದೆ ಕೂತೆ.

ಅದೇ ಬಟ್ಟೆಯ ಚೂರನ್ನು ಎರಡು ಪದರ ಮಾಡಿ, ಅದೇ ದಾರದಲ್ಲಿ ಒಂದು ಗೇಣು ಹೊಲಿದೆ. ಸ್ಕೇಲ್ ಇಟ್ಟು ಎಣಿಸಿದೆ. 1 ಇಂಚು ಎಂದರೆ 25.4 ಮಿ.ಮೀ. ಡಯಲ್‌ನ ನಂಬರು ಮಿ.ಮೀ. ಲೆಕ್ಕ. 2.5 ಇಟ್ಟರೆ ಇಂಚಿಗೆ 10 ಹೊಲಿಗೆ ಬೀಳಬೇಕು. ನನ್ನ ಕೈಯಲ್ಲೂ ಬಿದ್ದದ್ದು 8! ಒಂದೊಂದು ಹೊಲಿಗೆಯೂ 3 ಮಿ.ಮೀ. ದಾಟಿತ್ತು. ಹಿಂದೆ ಯಾರೋ ರಿಪೇರಿ ಮಾಡುವಾಗ ಡಯಲ್ ಬಿಚ್ಚಿ ತಪ್ಪಾಗಿ ಕೂರಿಸಿರಬೇಕು.

ಇಂಥ ಮಿಷನ್ ಇರುವವರು ಗಮನಿಸಿ. ಹೊಲಿಗೆ ಚಿಕ್ಕದು ಮಾಡುವಾಗ ಡಯಲನ್ನು ಬಲವಂತವಾಗಿ ತಿರುಗಿಸಬೇಡಿ. ರಿವರ್ಸ್ ಲಿವರ್ ಒತ್ತಿ ಹಿಡಿದು ತಿರುಗಿಸಿ. ಸ್ವಲ್ಪ ತಿರುಗಿಸಿ, ಹೊಲಿದು, ಎಣಿಸಿ. ತೀರಾ ಉದ್ದವಾದರೆ ಹೊಲಿಗೆ ಬಾಯಿಬಿಡುತ್ತದೆ. ತೀರಾ ಚಿಕ್ಕದಾದರೆ ಸೂಜಿ ತೂತು ಹೆಚ್ಚಾಗಿ ಬಟ್ಟೆಯೇ ಹರಿಯುತ್ತದೆ. ಹೊಲಿಗೆ ಒಂದು ಉದ್ದ ಒಂದು ಗಿಡ್ಡ ಬಂದರೆ, ಬಟ್ಟೆ ಸರಿಸುವ ಹಲ್ಲಿನ ಕೆಳಗೆ ನಾರು, ಧೂಳು ಕಟ್ಟಿದೆಯೇ ನೋಡಿ. ಸ್ವಚ್ಛ ಮಾಡುವ ಮೊದಲು ಸ್ವಿಚ್ ಆಫ್ ಮಾಡಿ.

ನಮ್ಮ ಮಿಷನ್‌ನಲ್ಲಿ ಡಯಲ್ 2ಕ್ಕಿಂತ ಸ್ವಲ್ಪ ಕೆಳಗಿಟ್ಟಾಗ ಇಂಚಿಗೆ 10 ಬಂತು. ಅಲ್ಲಿ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೇವೆ.

ಬಂಧುಗಳೇ, ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಬೋಧಿಸಿದ್ದು ಇದನ್ನೇ ಅಲ್ಲವೇ? ಪರಂಪರೆಯಿಂದ ಬಂದಿದೆ, ಗ್ರಂಥದಲ್ಲಿದೆ, ಗುರುಗಳು ಹೇಳಿದ್ದಾರೆ ಎಂಬ ಕಾರಣಕ್ಕೇ ಒಪ್ಪಬೇಡಿ. ಅದರಿಂದ ಒಳಿತಾಗುತ್ತದೋ ಕೆಡುಕಾಗುತ್ತದೋ ನೀವೇ ಪರೀಕ್ಷಿಸಿ ಎಂದರು. ಈ ಸುತ್ತವನ್ನು ನಾನು ಎಷ್ಟೋ ಭಾನುವಾರ ಓದಿದ್ದೇನೆ. ಆದರೆ ಡಯಲ್ ಮೇಲೆ ಅಚ್ಚಾದ ನಂಬರನ್ನು ನಂಬಿದೆ, ಎದುರಿಗೆ ಕೂತ ಹುಡುಗಿಯನ್ನು ನಂಬಲಿಲ್ಲ.

ನಮ್ಮ ತಾತ ಮುತ್ತಾತಂದಿರನ್ನು ಈ ಸಮಾಜ ಅಳೆದದ್ದೂ ಹೀಗೆಯೇ. ಅವರ ಕೆಲಸವನ್ನು ಯಾರೂ ನೋಡಲಿಲ್ಲ, ಹುಟ್ಟಿಗೆ ಅಂಟಿಸಿದ ಚೀಟಿ ನೋಡಿ ತೀರ್ಪು ಕೊಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲರೂ ಸಮಾನರು ಎಂಬುದೂ ಒಂದು. ಅದನ್ನು ಬಾಯಲ್ಲಿ ಹೇಳುವ ನಾನು, ಕೂಲಿ ಕೊಡುವ ಜಾಗದಲ್ಲಿ ಕೂತ ಕೂಡಲೇ ಮರೆತಿದ್ದೆ.

ಅವತ್ತೇ ಸಂಜೆ 300 ರೂಪಾಯಿ ವಾಪಸ್ ಕೊಟ್ಟು, "ತಪ್ಪು ನನ್ನದಮ್ಮ" ಎಂದೆ. ಅವಳು ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡಳು. "ಎಣಿಸಿಕೋ" ಎಂದೆ. ಇಬ್ಬರೂ ನಕ್ಕೆವು.

*ಇಂದಿನ ಅಭ್ಯಾಸ:* ಇವತ್ತು ಯಾರನ್ನಾದರೂ ತಪ್ಪಿತಸ್ಥರು ಎನ್ನುವ ಮೊದಲು, ಅವರ ಜಾಗದಲ್ಲಿ ಕೂತು ಒಂದು ಗೇಣು ಹೊಲಿದು ನೋಡೋಣ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್