ಫಾಲ್ಕನ್: ಗಿಡುಗದ ವೇಷ, ಗಿಣಿಯ ನೆಂಟಸ್ತಿಕೆ



ಇವತ್ತಿನ ವಿಷಯ ಶುರುವಾಗಿದ್ದು ಮಸ್ಕತ್‌ನಲ್ಲಿರುವ ಕೇಳುಗರೊಬ್ಬರ ಪ್ರಶ್ನೆಯಿಂದ. "ಇಲ್ಲಿ ಎಲ್ಲಿ ನೋಡಿದ್ರೂ ಫಾಲ್ಕನ್ ಮಾತು. ನಮ್ಮೂರಲ್ಲಿ ಹದ್ದು, ಗಿಡುಗ ಅಂತೀವಲ್ಲ, ಅದೇ ತಾನೇ ಇದು?" ಅಂತ ಕೇಳಿದ್ರು.

ಒಳ್ಳೇ ಪ್ರಶ್ನೆ. ಉತ್ತರ ಒಂದೇ ಮಾತಲ್ಲಿ ಹೇಳೋದಾದ್ರೆ, ಅಲ್ಲ. ಆದರೆ ಈ "ಅಲ್ಲ" ನಮಗೆ ಗಟ್ಟಿಯಾಗಿ ಗೊತ್ತಾಗಿದ್ದೇ ತೀರಾ ಇತ್ತೀಚೆಗೆ. ನಾನು ಬಿ.ಎಸ್ಸಿ. ಓದುವಾಗ ಹದ್ದು, ಗಿಡುಗ, ಫಾಲ್ಕನ್ ಎಲ್ಲವನ್ನೂ ಒಂದೇ ಗಣದಲ್ಲಿ ಸೇರಿಸಿ ಪರೀಕ್ಷೆಯಲ್ಲಿ ಬರೆದಿದ್ದೆ. ಪೂರ್ತಿ ಅಂಕ ಸಿಕ್ಕಿತ್ತು. ಇವತ್ತು ಅದೇ ಉತ್ತರ ಬರೆದರೆ ಸೊನ್ನೆ! ಹಕ್ಕಿಗಳೇನೂ ಬದಲಾಗಲಿಲ್ಲ. ನಮ್ಮ ತಿಳಿವಳಿಕೆ ಬದಲಾಯ್ತು.

ನೆಂಟರು ಯಾರು?

ಬಾಗಿದ ಕೊಕ್ಕು, ಚೂಪಾದ ಉಗುರು, ಮಾಂಸಾಹಾರ. ಇಷ್ಟು ನೋಡಿದರೆ ಗಿಡುಗವೂ ಫಾಲ್ಕನ್ನೂ ದಾಯಾದಿಗಳು ಅನ್ನಿಸೋದು ಸಹಜ. 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯ್ತು. 169 ಜಾತಿಯ ಹಕ್ಕಿಗಳ ಡಿಎನ್ಎಯನ್ನು ಹೋಲಿಸಿ ವಂಶವೃಕ್ಷ ಬರೆದಿದ್ದರು. ಅದರಲ್ಲಿ ಫಾಲ್ಕನ್‌ಗಳು ಹದ್ದು ಗಿಡುಗಗಳ ಕೊಂಬೆಯಲ್ಲಿ ಇರಲೇ ಇಲ್ಲ. ಗಿಣಿಗಳು ಮತ್ತು ಗುಬ್ಬಿ, ಕಾಗೆ, ಮಡಿವಾಳ ಹಕ್ಕಿಗಳೆಲ್ಲ ಸೇರುವ ಆ ದೊಡ್ಡ ಗುಂಪಿನ ಪಕ್ಕದಲ್ಲಿ ಕೂತಿದ್ದವು.

ತುಂಬಾ ಜನ ನಂಬಲಿಲ್ಲ. ಆಮೇಲೆ 2011ರಲ್ಲಿ ಬೇರೊಂದು ಬಗೆಯ ಸಾಕ್ಷ್ಯ ಬಂತು. ಇದನ್ನು ನಮ್ಮ ಹಳಗನ್ನಡ ವಿದ್ವಾಂಸರ ಕೆಲಸದ ಮೂಲಕ ವಿವರಿಸ್ತೀನಿ. ಒಂದು ಕಾವ್ಯದ ಹತ್ತು ತಾಳೆಗರಿ ಪ್ರತಿಗಳಿವೆ ಅಂದ್ಕೊಳ್ಳಿ. ಯಾವ ಪ್ರತಿ ಯಾವುದರಿಂದ ಬಂತು ಅಂತ ಕಂಡುಹಿಡಿಯೋದು ಹೇಗೆ? ಲಿಪಿಕಾರರ ತಪ್ಪುಗಳಿಂದ. ಮೂರು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ವಿಚಿತ್ರ ತಪ್ಪಿದ್ದರೆ, ಆ ಮೂರಕ್ಕೂ ಮೂಲ ಒಂದೇ. ಜೀನೋಮಿನಲ್ಲೂ ಹೀಗೇ. ತನ್ನನ್ನೇ ನಕಲು ಮಾಡಿಕೊಂಡು ಎಲ್ಲೆಂದರಲ್ಲಿ ಹೋಗಿ ಸೇರಿಕೊಳ್ಳುವ ಡಿಎನ್ಎ ತುಣುಕುಗಳಿವೆ. ಬೇರೆ ಬೇರೆ ಹಕ್ಕಿಗಳಲ್ಲಿ ಅದೇ ತುಣುಕು ಅದೇ ಜಾಗದಲ್ಲಿ ತಾನಾಗಿ ಬಂದು ಕೂರೋ ಸಾಧ್ಯತೆ ತೀರಾ ಕಡಿಮೆ. ಫಾಲ್ಕನ್, ಗಿಣಿ, ಗುಬ್ಬಿ ಗುಂಪುಗಳಲ್ಲಿ ಇಂಥ ಹಂಚಿಕೊಂಡ "ತಪ್ಪು"ಗಳು ಸಿಕ್ಕಿದವು. 2014ರಲ್ಲಿ ಪೂರ್ತಿ ಜೀನೋಮುಗಳ ಹೋಲಿಕೆಯೂ ಅದನ್ನೇ ಹೇಳಿತು.

ಒಂದು ಎಚ್ಚರಿಕೆ. ಗಿಣಿಯಿಂದ ಫಾಲ್ಕನ್ ಬಂತು ಅಂತ ಇದರ ಅರ್ಥ ಅಲ್ಲ. ಅವಕ್ಕೆ ಒಬ್ಬ ಹಳೇ ಪೂರ್ವಜ ಇದ್ದ, ಆ ಪೂರ್ವಜ ಗಿಡುಗಕ್ಕೆ ನೇರ ಸಂಬಂಧಿ ಅಲ್ಲ, ಅಷ್ಟೇ.

ಹಾಗಾದ್ರೆ ಇಬ್ಬರಿಗೂ ಒಂದೇ ರೂಪ ಹೇಗೆ ಬಂತು? ಒಂದು ಉತ್ತರ, ಒಮ್ಮುಖ ವಿಕಾಸ. ಬಾವಲಿಗೂ ಹಕ್ಕಿಗೂ ರೆಕ್ಕೆ ಬೇರೆ ಬೇರೆಯಾಗಿ ಬಂದಹಾಗೆ, ಕಸುಬು ಒಂದೇ ಆದ್ದರಿಂದ ಆಯುಧವೂ ಒಂದೇ ಥರ ಆಯ್ತು. ಇನ್ನೊಂದು ಸಾಧ್ಯತೆ, ಈ ಎಲ್ಲ ಹಕ್ಕಿಗಳ ಬಹಳ ಹಳೆಯ ಪೂರ್ವಜನೇ ಬೇಟೆಗಾರ ಆಗಿದ್ದಿರಬಹುದು. ಗಿಣಿ, ಗುಬ್ಬಿಗಳು ಆ ಕಸುಬು ಬಿಟ್ಟವು, ಫಾಲ್ಕನ್ ಬಿಡಲಿಲ್ಲ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಕಾಲಿನ ಕೊಲೆ, ಕೊಕ್ಕಿನ ಕೊಲೆ

ಸರಿಯಾಗಿ ನೋಡಿದ್ರೆ ವ್ಯತ್ಯಾಸ ಮೊದಲಿಂದಲೂ ಕಣ್ಣೆದುರೇ ಇತ್ತು. ಗಿಡುಗ ಸಾಮಾನ್ಯವಾಗಿ ಕಾಲಿನಿಂದ ಕೊಲ್ಲುತ್ತೆ. ಉಗುರುಗಳನ್ನು ಬೇಟೆಯೊಳಗೆ ಇಳಿಸಿ ಹಿಸುಕುತ್ತೆ. ಫಾಲ್ಕನ್ ಕಾಲಿನಿಂದ ಹೊಡೆಯುತ್ತೆ, ಹಿಡಿಯುತ್ತೆ, ಆದರೆ ಕೆಲಸ ಮುಗಿಸೋದು ಕೊಕ್ಕು. ಅದರ ಮೇಲ್ಕೊಕ್ಕಿನ ಅಂಚಿನಲ್ಲಿ ಎರಡೂ ಕಡೆ ಹಲ್ಲಿನಂಥ ಒಂದು ಮೊನೆ ಇದೆ. ಬೇಟೆಯ ಕುತ್ತಿಗೆಗೆ ಅದನ್ನು ಹಾಕಿ ಕಚ್ಚಿದರೆ ಬೆನ್ನುಹುರಿ ತುಂಡಾಗುತ್ತೆ.

ಇನ್ನೊಂದು, ಫಾಲ್ಕೋ ಕುಲದ ಹಕ್ಕಿಗಳು ಗೂಡು ಕಟ್ಟೋದಿಲ್ಲ. ಬಂಡೆಯ ಚಾಚು, ಕಟ್ಟಡದ ಅಂಚು, ಇಲ್ಲವೇ ಕಾಗೆ ಬಿಟ್ಟುಹೋದ ಗೂಡು. ಬಾಡಿಗೆ ಮನೆಯೇ ಗತಿ, ಪರದೇಶದಲ್ಲಿರೋ ನಮ್ಮ ಹಾಗೆ!

ಒಂದೇ ಮನೆತನ, ಎಷ್ಟೊಂದು ಬಗೆ

ಫಾಲ್ಕನ್ ಅಂದ ತಕ್ಷಣ ನೆನಪಾಗೋದು ಪೆರೆಗ್ರೀನ್. ಮೇಲಿಂದ ಎರಗುವಾಗ ಗಂಟೆಗೆ 300 ಕಿಲೋಮೀಟರ್ ದಾಟುವ ಹಕ್ಕಿ. ಆದರೆ ಈ ಕುಟುಂಬದಲ್ಲಿ 60ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲರೂ ವೇಗದವರಲ್ಲ.

ಆಗ್ನೇಯ ಏಷ್ಯಾದ ಕಾಡುಗಳ ಫಾಲ್ಕನೆಟ್ ಸುಮಾರು 15 ಸೆಂಟಿಮೀಟರ್ ಉದ್ದ, ತೂಕ 35 ಗ್ರಾಂ ಆಸುಪಾಸು. ಹೆಚ್ಚುಕಮ್ಮಿ ಗುಬ್ಬಿ ಗಾತ್ರ! ಅದೇ ಆರ್ಕ್‌ಟಿಕ್ ಪ್ರದೇಶದ ಜೈರ್‌ಫಾಲ್ಕನ್‌ನ ಹೆಣ್ಣು ಒಂದೂವರೆ ಕಿಲೋ ದಾಟುತ್ತೆ. ಈ ಮನೆತನದಲ್ಲಿ ಸಾಮಾನ್ಯವಾಗಿ ಗಂಡಿಗಿಂತ ಹೆಣ್ಣೇ ದೊಡ್ಡದು.

ದಕ್ಷಿಣ ಅಮೆರಿಕದ ಕಡೆ ಹೋದರೆ ಇನ್ನೂ ವಿಚಿತ್ರ. ಹಾವು ತಿಂದು ಬದುಕೋ, ನಗುವಿನಂಥ ಕೂಗಿನ ಲಾಫಿಂಗ್ ಫಾಲ್ಕನ್ ಇದೆ. ಕಣಜದ ಗೂಡು ಕಿತ್ತು ಮರಿಹುಳು ತಿನ್ನೋ ಕೆಂಪುಗೊರಳಿನ ಕರಕಾರಾ ಇದೆ. ಕರಕಾರಾಗಳು ಫಾಲ್ಕನ್ ಕುಟುಂಬದ್ದೇ ಆದರೂ ನೆಲದ ಮೇಲೆ ನಡೆದಾಡ್ತಾ, ಸತ್ತದ್ದು ಕೆಟ್ಟದ್ದು ತಿಂತಾ ಕಾಗೆಯ ಥರ ಬದುಕ್ತವೆ. ಬುದ್ಧಿಯೂ ಹಾಗೇ. ಬೀಗಲ್ ಹಡಗಿನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಹೋಗಿದ್ದ ಡಾರ್ವಿನ್, ಅಲ್ಲಿನ ಕರಕಾರಾಗಳು ದೊಡ್ಡ ಕರಿ ಟೋಪಿಯೊಂದನ್ನು ಸುಮಾರು ಒಂದು ಮೈಲಿ ಹೊತ್ತೊಯ್ದದ್ದನ್ನೂ, ಕೆಂಪು ಚರ್ಮದ ಪೆಟ್ಟಿಗೆಯಲ್ಲಿದ್ದ ದಿಕ್ಸೂಚಿಯೊಂದು ಅವುಗಳ ಪಾಲಾಗಿ ಮತ್ತೆ ಸಿಗದೇ ಹೋದದ್ದನ್ನೂ ಬರೆದಿಟ್ಟಿದ್ದಾನೆ.

ಮಸ್ಕತ್‌ನ ಕೇಳುಗರಿಗೆ ಒಂದು ವಿಶೇಷ. ನಿಮ್ಮ ಕರಾವಳಿಯಾಚೆ ಕಾಣೋ ಫಹಲ್ ದ್ವೀಪದಲ್ಲಿ ಸೂಟಿ ಫಾಲ್ಕನ್‌ಗಳು ಮರಿ ಮಾಡ್ತವೆ, ಅದೂ ಸುಡು ಬೇಸಿಗೆಯಲ್ಲಿ. ಯಾಕೆ ಗೊತ್ತಾ? ಮರಿಗಳಿಗೆ ಹಸಿವು ಹೆಚ್ಚಾಗೋ ಹೊತ್ತಿಗೆ ಸರಿಯಾಗಿ, ಉತ್ತರದಿಂದ ಆಫ್ರಿಕಾಕ್ಕೆ ಹೊರಟ ಸಣ್ಣ ಹಕ್ಕಿಗಳು ಆ ದಾರಿಯಲ್ಲೇ ಬರ್ತವೆ. ಊಟವೇ ಮನೆ ಬಾಗಿಲಿಗೆ! ಮರಿ ಬೆಳೆದ ಮೇಲೆ ಇವೂ ಮಡಗಾಸ್ಕರ್ ಕಡೆ ಹೊರಡ್ತವೆ.

ಪಾಂಗ್ತಿಯ ಕಥೆ

ಕೊನೆಯದಾಗಿ, ನನಗೆ ತುಂಬಾ ಹತ್ತಿರವಾದ ಹಕ್ಕಿ, ಅಮುರ್ ಫಾಲ್ಕನ್. ತೂಕ ಸುಮಾರು 150 ಗ್ರಾಂ. ಸೈಬೀರಿಯಾದ ಆಗ್ನೇಯ ಭಾಗ, ಉತ್ತರ ಚೀನಾಗಳಲ್ಲಿ ಹುಟ್ಟಿ, ಚಳಿಗಾಲಕ್ಕೆ ದಕ್ಷಿಣ ಆಫ್ರಿಕಾ ಕಡೆಗೆ ಹೋಗುತ್ತೆ. ನಡುವೆ ಭಾರತವನ್ನೂ ಅರಬ್ಬೀ ಸಮುದ್ರವನ್ನೂ ದಾಟಬೇಕು. ಆ ಹಾರಾಟದ ಮುಂಚೆ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಸೇರಿ, ಗೆದ್ದಲು ತಿಂದು ಕೊಬ್ಬು ತುಂಬಿಕೊಳ್ತವೆ.

2012ರಲ್ಲಿ ಅಲ್ಲಿ ಬಲೆ ಹಾಕಿ ಮಾಂಸಕ್ಕಾಗಿ ಇವನ್ನು ಕೊಲ್ಲುವ ವಿಡಿಯೋ ಹೊರಬಂತು. ಒಂದೇ ಋತುವಿನಲ್ಲಿ ಲಕ್ಷಕ್ಕೂ ಹೆಚ್ಚು ಹಕ್ಕಿ ಸತ್ತಿರಬಹುದು ಅನ್ನೋದು ಅಂದಾಜು. ಆಗ ಬೈದು ಸುಮ್ಮನಾಗೋದು ಸುಲಭವಿತ್ತು. ಆದರೆ ಅಲ್ಲಿಗೆ ಹೋದವರು ಊರವರ ಜೊತೆ ಕೂತು ಮಾತಾಡಿದ್ರು. ಪಾಂಗ್ತಿ ಮತ್ತು ಅಕ್ಕಪಕ್ಕದ ಹಳ್ಳಿಗಳ ಹಿರಿಯರು, ಚರ್ಚುಗಳು, ಮೀನುಗಾರರು ಬಲೆ ಕೆಳಗಿಟ್ಟರು. 2013ರ ಋತುವಿನಲ್ಲಿ ಅಲ್ಲಿ ಒಂದು ಹಕ್ಕಿಯೂ ಬಲೆಗೆ ಬಿದ್ದ ವರದಿ ಬರಲಿಲ್ಲ. ಅದೇ ನವೆಂಬರಿನಲ್ಲಿ ಮೂರು ಹಕ್ಕಿಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿದ್ರು. ಅವಕ್ಕೆ ನಾಗಾ, ವೋಖಾ, ಪಾಂಗ್ತಿ ಅಂತ ಹೆಸರಿಟ್ಟರು. ತಮ್ಮ ಊರಿನ ಹೆಸರು ಹೊತ್ತ ಹಕ್ಕಿ ಸಮುದ್ರ ದಾಟಿ ಆಫ್ರಿಕಾ ಮುಟ್ಟಿತು ಅಂತ ಕೇಳಿದ ಮೇಲೆ ಅದು ಬರೀ ಮಾಂಸವಾಗಿ ಉಳಿಯೋದು ಕಷ್ಟ, ಅಲ್ವಾ?

ಹಾಗಂತ ಆ ಊರವರು ಏನೂ ಕಳೆದುಕೊಳ್ಳಲಿಲ್ಲ ಅನ್ನಬೇಡಿ. ವರ್ಷಕ್ಕೊಮ್ಮೆ ಬರ್ತಿದ್ದ ದುಡ್ಡು ನಿಂತಿತು. ಸಂರಕ್ಷಣೆಯ ಬೆಲೆಯನ್ನು ಯಾರು ತೆರ್ತಾರೆ ಅನ್ನೋದನ್ನು ನಾವು ವಿಜ್ಞಾನಿಗಳೂ ಮರೀಬಾರದು.

ನಿಮಗೊಂದು ಮನೆಗೆಲಸ

ಮುಂದಿನ ಸಲ ಬೇಟೆ ಹಕ್ಕಿ ಕಂಡಾಗ ಮೂರು ವಿಷಯ ಗಮನಿಸಿ. ರೆಕ್ಕೆಯ ತುದಿ ಚೂಪಾಗಿದೆಯಾ? ಕಣ್ಣು ಕಪ್ಪಗಿದೆಯಾ, ಇಲ್ಲ ಶಿಕ್ರದ ಹಾಗೆ ಹಳದಿಯೋ ಕೆಂಪೋ? ಕಣ್ಣಿನ ಕೆಳಗೆ ಮೀಸೆಯಂಥ ಕಪ್ಪು ಪಟ್ಟಿ ಇದೆಯಾ? ಚೂಪು ರೆಕ್ಕೆ, ಕಪ್ಪು ಕಣ್ಣು, ಮೀಸೆ ಮೂರೂ ಇದ್ದರೆ ಬಹುಪಾಲು ಅದು ಫಾಲ್ಕನ್. ಯೂರೋಪಿನಲ್ಲಿರೋರು ಹೆದ್ದಾರಿ ಪಕ್ಕದ ಹುಲ್ಲಿನ ಮೇಲೆ ನೋಡಿ, ಗಾಳಿಯಲ್ಲಿ ನಿಂತಲ್ಲೇ ನಿಂತು ರೆಕ್ಕೆ ಬಡಿಯೋ ಕೆಸ್ಟ್ರೆಲ್ ಕಾಣಬಹುದು. ಚಳಿಗಾಲದಲ್ಲಿ ಊರಿಗೆ ಹೋದರೆ ಕರ್ನಾಟಕದ ಬಯಲಿನಲ್ಲೂ ಅದೇ ಜಾತಿ ಸಿಗುತ್ತೆ.

ಮುಂದಿನ ಸಂಚಿಕೆಯಲ್ಲಿ, ಡಿಡಿಟಿ ಅನ್ನೋ ಕೀಟನಾಶಕ ಪೆರೆಗ್ರೀನ್ ಮೊಟ್ಟೆಯ ಚಿಪ್ಪನ್ನು ಹೇಗೆ ತೆಳ್ಳಗೆ ಮಾಡಿತು ಅನ್ನೋದನ್ನು ನೋಡೋಣ. ಅಲ್ಲಿವರೆಗೂ ತಲೆ ಎತ್ತಿ ನಡೀರಿ, ಆಕಾಶ ನೋಡ್ತಾ ಇರಿ. ನಮಸ್ಕಾರ.