ಮರದಲ್ಲಿ ಮುಖ ಕೆತ್ತಿದ ತಿಮೊತಿ ಕೋಲ್

ಹುಬ್ಬಳ್ಳಿ-ಧಾರವಾಡದ ಹಳೇ ಅಚ್ಚಿನ ಮನೆಗಳಲ್ಲಿ ಒಂದು ಫೋಟೊ ಛಾಪಿಸಬೇಕಂದ್ರೆ ಮೊದಲು ‘ಬ್ಲಾಕ್’ ಮಾಡಿಸಬೇಕಿತ್ತು. ಅದು ಆಸಿಡ್‌ನಲ್ಲಿ ಕೊರೆದ ಲೋಹದ ತಗಡು. ಅಂಥ ತಗಡು ಬರುವ ಮೊದಲು ಅಮೆರಿಕ, ಯುರೋಪಿನ ಪತ್ರಿಕೆಗಳಿಗೆ ಚಿತ್ರಗಳನ್ನು ಮರದ ಮೇಲೆ ಕೈಯಿಂದಲೇ ಕೆತ್ತುತ್ತಿದ್ದರು. ಆ ಕಸುಬಿನ ದೊಡ್ಡ ಹೆಸರು ತಿಮೊತಿ ಕೋಲ್.

ಕೋಲ್ ಹುಟ್ಟಿದ್ದು ಲಂಡನ್ನಿನಲ್ಲಿ, 1852ರಲ್ಲಿ. 1858ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಬಂದ. ಶಿಕಾಗೊದಲ್ಲಿ ಕಸುಬು ಹಿಡಿದು ನೆಲೆ ಕಂಡುಕೊಳ್ಳುವಷ್ಟರಲ್ಲಿ 1871ರ ಬೆಂಕಿ ಇದ್ದದ್ದೆಲ್ಲ ಸುಟ್ಟುಹಾಕಿತು. 1875ರಲ್ಲಿ ನ್ಯೂಯಾರ್ಕಿಗೆ ಹೋಗಿ ‘ಸ್ಕ್ರಿಬ್ನರ್ಸ್ ಮಂಥ್ಲಿ’ ಸೇರಿದ. ಮುಂದೆ ‘ಸೆಂಚುರಿ’ ಅಂತ ಹೆಸರು ಬದಲಿಸಿಕೊಂಡ ಮಾಸಪತ್ರಿಕೆ ಅದು.

ಕೆಲಸ ಹೇಗಿತ್ತು ನೋಡ್ರಿ. ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ಉಂಗುರ ಕಾಣುವ ಮುಖವನ್ನು ನುಣ್ಣಗೆ ಮಾಡಬೇಕು. ಉಕ್ಕಿನ ಸಣ್ಣ ಉಳಿಯಿಂದ ತೆಗೆದ ಜಾಗ ಬಿಳಿ, ಉಳಿದದ್ದು ಕಪ್ಪು. ನಡುವಿನ ಬೂದು ಬಣ್ಣವೇ ಇಲ್ಲ! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಬಿಟ್. ಆದರೆ ಮನುಷ್ಯನ ಕೆನ್ನೆ ಪೂರ್ತಿ ಬೂದೇ. ಗೆರೆಯ ದಪ್ಪ, ಗೆರೆಗಳ ನಡುವಿನ ಅಂತರ, ಇವೆರಡರಲ್ಲೇ ನೆರಳು ಮೂಡಿಸಬೇಕು. ಉಳಿ ಜಾರಿದರೆ ಆ ಜಾಗ ಕೊರೆದು ಮರದ ತುಂಡು ತುಂಬಿ ಮತ್ತೆ ಕೆತ್ತಬಹುದಿತ್ತು. ಖರೆ, ಆದರೆ ಅದು ಮೂಗಿನ ತುದಿಯಾಗಿದ್ದರೆ?

ಕೋಲ್ ಮತ್ತವನ ಜೊತೆಗಾರರು ಚಿತ್ರವನ್ನು ಫೋಟೊ ಮಾಡಿ ನೇರ ಮರದ ಮೇಲೆ ಮೂಡಿಸಿಕೊಂಡು, ಕುಂಚದ ಗುರುತೂ ಬಿಡದೆ ಕೆತ್ತಿದರು. ಇದನ್ನು ಕಟುವಾಗಿ ಟೀಕಿಸಿದವನೂ ಲಂಡನ್ನಿನಿಂದ ವಲಸೆ ಬಂದವನೇ, ಡಬ್ಲ್ಯು. ಜೆ. ಲಿಂಟನ್. ಕೆತ್ತುವವ ತನ್ನ ಗೆರೆಯಲ್ಲೇ ಯೋಚಿಸಬೇಕು, ನಕಲು ಮಾಡುತ್ತ ಕೂರಬಾರದು ಎಂಬುದು 1879ರಲ್ಲಿ ಅವನೆತ್ತಿದ ವಾದ. ಮುಖಚಿತ್ರದ ಮಟ್ಟಿಗೆ ನಮಗಿದು ಪೂರ್ತಿ ಒಪ್ಪಿಗೆಯಿಲ್ಲ. ಕೆನ್ನೆಯ ಮೆದುತನ ಬೇಕೇ ಬೇಕು. ಆದರೆ ಬರೀ ನಕಲೇ ಕೆಲಸವಾದರೆ ಅದನ್ನು ಯಂತ್ರ ಕಸಿದುಕೊಳ್ಳುತ್ತದೆ. ಆದದ್ದೂ ಅದೇ. ಫೋಟೊವನ್ನು ಚುಕ್ಕೆಗಳಾಗಿ ಒಡೆಯುವ ಹಾಫ್‌ಟೋನ್ ಬಂತು, ಕೆತ್ತುವವರ ಕೆಲಸ ಹೋಯಿತು.

ಕೋಲ್ ಮಾತ್ರ ಉಳಿದ. ಹಳೇ ಕಲಾವಿದರ ಚಿತ್ರ ಕೆತ್ತಲು 1883ರಲ್ಲೇ ಪತ್ರಿಕೆ ಅವನನ್ನು ಯುರೋಪಿಗೆ ಕಳಿಸಿತ್ತು. ಅಂದಿನ ಫೋಟೊಗೆ ಕೆಂಪು, ಹಳದಿ ಸರಿಯಾಗಿ ಕಾಣುತ್ತಿರಲಿಲ್ಲ, ಕಪ್ಪಾಗಿಬಿಡುತ್ತಿದ್ದವು. ಅದಕ್ಕೇ ಅವನು ಗ್ಯಾಲರಿಯಲ್ಲಿ ಮೂಲಚಿತ್ರದ ಮುಂದೆಯೇ ಕೂತು, ಕಣ್ಣಿಂದ ತಿದ್ದುತ್ತ ಕೆತ್ತಿದ. ಇಟಲಿ, ಹಾಲೆಂಡ್, ಇಂಗ್ಲೆಂಡ್, ಸ್ಪೇನ್, ಫ್ರಾನ್ಸ್ ಎನ್ನುತ್ತ ಅಲ್ಲೇ 1910ರವರೆಗೆ! 1904ರ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ಮರಗೆತ್ತನೆಗೆ ಕೊಟ್ಟ ಒಂದೇ ಒಂದು ಮಹಾಬಹುಮಾನ ಅವನದು. ತೀರಿಕೊಂಡದ್ದು 1931ರಲ್ಲಿ.

ಅವನ ಕೆತ್ತನೆಗಳು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ. ಆನ್‌ಲೈನಲ್ಲಿ ಒಂದು ತೆಗೆದು ಕಣ್ಣಿನ ಹತ್ತಿರದ ಭಾಗ ಜೂಮ್ ಮಾಡಿ. ಆಮೇಲೆ ಹಾಸ್ಟೆಲ್ಲಿಗೆ ಬರೋ ದಿನಪತ್ರಿಕೆಯ ಫೋಟೊವನ್ನೂ ಹಾಗೇ ನೋಡಿ: ಅಲ್ಲಿ ಚುಕ್ಕೆ, ಇಲ್ಲಿ ಗೆರೆ.